ಮುಚ್ಚಳ ತೆಗೆಯದ ಒಂಬತ್ತು ನಿಮಿಷ

ಮಂಗಳವಾರ ಬೆಳಗ್ಗೆ ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಮೂಗುಮೇಸ್ತ್ರಿ ಕಣ್ಣು ಮುಚ್ಚಿಕೊಂಡು ಮರ ಕೊಯ್ಯುವ ಒಂದು ಚೈನ್‌ಸಾದ ಪೆಟ್ರೋಲ್ ಟ್ಯಾಂಕನ್ನು ಮೂಸುತ್ತಿದ್ದರು. ಮುಚ್ಚಳ ಎಡಗೈಯಲ್ಲಿತ್ತು, ಬಲಗೈ ಬೆನ್ನ ಹಿಂದೆ. ಮೂಗಿಗೂ ಟ್ಯಾಂಕಿನ ಬಾಯಿಗೂ ನಡುವೆ ಸರಿಯಾಗಿ ಎರಡು ಬೆರಳಿನ ಅಂತರ. ಅದಕ್ಕಿಂತ ಹತ್ತಿರ ಹೋದರೆ ತಲೆ ಸುತ್ತುತ್ತದೆ, ದೂರ ಉಳಿದರೆ ಅಂಗಡಿಯ ಗ್ರೀಸಿನ ವಾಸನೆ ಬಂದು ಬೆರೆಯುತ್ತದೆ ಎಂಬುದು ಅವರ ಲೆಕ್ಕ.

"ಪೆಟ್ರೋಲ್ ನಾಲ್ಕು ದಿನದ್ದು," ಎಂದರು ಕಣ್ಣು ತೆರೆಯದೆ. "ಅದಕ್ಕೆ ಬೆರೆಸಿದ ಆಯಿಲ್ ಐವತ್ತಕ್ಕೆ ಒಂದು. ಸರಿಯಾಗಿದೆ. ನೀರು ಸೇರಿಲ್ಲ."

"ತುಂಬಿಸಿದ್ದು ನಾನೇ ಮಾವ, ಅದೆಲ್ಲ ನನಗೂ ಗೊತ್ತು," ಎಂದಳು ಎದುರು ನಿಂತಿದ್ದ ಅಕ್ಕನ ಮಗಳು. "ಮಷಿನ್ ಯಾಕೆ ಸಾಯ್ತಿದೆ, ಅದನ್ನ ಹೇಳಿ."

ಈ ಹುಡುಗಿಯನ್ನು ಊರಲ್ಲಿ ಎಲ್ಲರೂ ಅಳಿಲು ಎಂದೇ ಕರೆಯುತ್ತಿದ್ದರು. ನಗರದ ಉದ್ಯಾನ ಇಲಾಖೆಯಲ್ಲಿ ಅವಳಿಗೆ ಮರದ ಕೆಲಸ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮೇಲೇರಿ, ವಿದ್ಯುತ್ ತಂತಿಗೆ ತಾಗುವ, ಮನೆಗಳ ಮೇಲೆ ವಾಲಿದ ಕೊಂಬೆಗಳನ್ನು ಕೊಯ್ದು ಇಳಿಸುವುದು. ಆರು ವರ್ಷದಿಂದ ಇನ್ನೊಬ್ಬರು ಹೇಳಿದ ಕೊಂಬೆ ಕೊಯ್ದಿದ್ದಳು. ಈಗ ಯಾವ ಕೊಂಬೆ ಎಂದು ತಾನೇ ಹೇಳುವ ಅವಕಾಶ ಬಂದಿತ್ತು. ಶುಕ್ರವಾರ ತಂಡದ ಮುಖ್ಯಸ್ಥರ ಹುದ್ದೆಗೆ ಪರೀಕ್ಷೆ. ಮರದ ಮೇಲೆ ನಲವತ್ತು ನಿಮಿಷ ಕೆಲಸ ಮಾಡಿ ತೋರಿಸಬೇಕು. ದಿನವೂ ಬಳಸುವ ಸ್ವಂತ ಮಷಿನ್ನನ್ನೇ ತರಬೇಕು, ಏಕೆಂದರೆ ಅದನ್ನು ಚೆನ್ನಾಗಿ ಇಟ್ಟುಕೊಳ್ಳುವುದೂ ಪರೀಕ್ಷೆಯ ಒಂದು ಭಾಗ. ಮಷಿನ್ ತಾನಾಗಿ ಎರಡು ಸಲ ನಿಂತರೆ ಪರೀಕ್ಷಕರು ಹಾಳೆಯ ಮೇಲೆ ಗೆರೆ ಎಳೆದು "ಇಳೀರಿ" ಅನ್ನುತ್ತಾರೆ. ಮುಂದಿನ ಪರೀಕ್ಷೆ ಮೂರು ವರ್ಷದ ನಂತರ.

ಹಿಂದಿನ ವಾರವೊಂದರಲ್ಲೇ ಅವಳ ಮಷಿನ್ ಮರದ ಮೇಲೆ ಮೂರು ಸಲ ನಿಂತಿತ್ತು.

ಮೇಸ್ತ್ರಿಯ ಅಂಗಡಿ ಹನ್ನೆರಡು ಅಡಿಗೆ ಒಂಬತ್ತು ಅಡಿಯ ಒಂದು ಕೋಣೆ. ಅದರ ಮುಂಭಾಗದ ಮೂರು ಅಡಿ ಹೆಂಡತಿಯದು. ಅಲ್ಲಿ ಅವರು ಕೀಲಿಕೈ ಮಾಡಿಕೊಡುತ್ತಿದ್ದರು. ನಡುವೆ ಸೊಂಟದೆತ್ತರದ ಮರದ ಅಡ್ಡಗೋಡೆ. ಹಿಂದೆ ಗೋಡೆಯ ತುಂಬ ಮೊಳೆ, ಮೊಳೆಗೊಂದು ಚೈನ್‌ಸಾ, ಪ್ರತಿಯೊಂದರ ಹಿಡಿಕೆಗೂ ದಾರದಲ್ಲಿ ಕಟ್ಟಿದ ಒಂದು ಚೀಟಿ. ಹಿತ್ತಿಲಲ್ಲಿ ಎರಡು ಕಬ್ಬಿಣದ ಕಾಲುಗಳ ಮೇಲೆ ಅಡ್ಡ ಮಲಗಿಸಿದ ದಪ್ಪ ದಿಮ್ಮಿ. ರಿಪೇರಿಯಾದ ಮಷಿನ್ನಿಗೆ ಪರೀಕ್ಷೆ ನಡೆಯುತ್ತಿದ್ದುದು ಆ ದಿಮ್ಮಿಯ ಮೇಲೆ.

ಮೂಗಿನ ಹೆಸರು ಅವರಿಗೆ ಸುಮ್ಮನೆ ಬಂದದ್ದಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ಬಣ್ಣದ ಗೋದಾಮಿನಲ್ಲಿ ಕೆಲಸಕ್ಕೆ ಸೇರಿದ್ದರು. ಅಲ್ಲಿ ಒಮ್ಮೆ ಕೊಳಾಯಿ ಒಡೆದು ನೀರು ನುಗ್ಗಿ, ಡಬ್ಬಿಗಳ ಮೇಲಿನ ಕಾಗದವೆಲ್ಲ ಕಿತ್ತುಬಂದಿತ್ತು. ಯಾವುದು ಸೀಮೆಎಣ್ಣೆ, ಯಾವುದು ಥಿನ್ನರ್, ಯಾವುದು ವಾರ್ನಿಷ್ ಎಂದು ಗೊತ್ತಾಗದೆ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಾಗ, ಈ ಹುಡುಗ ಎರಡು ದಿನ ಮೂಸಿ ಮೂಸಿ ಎಲ್ಲವನ್ನೂ ಬೇರೆ ಮಾಡಿ ಇಟ್ಟನಂತೆ. ಅಂದಿನಿಂದ ಮೂಗಿನ ಮೇಲೆ ಅವರಿಗೆ ವಿಪರೀತ ನಂಬಿಕೆ. ಆ ನಂಬಿಕೆಗೆ ಆಧಾರವೂ ಇತ್ತು. ಎರಡು ತಿಂಗಳು ಹಾಗೇ ಬಿಟ್ಟ ಪೆಟ್ರೋಲ್ ಅಂಟಾಗಿ ಕಾರ್ಬುರೇಟರಿನ ಕೂದಲೆಳೆಯಂಥ ರಂಧ್ರಗಳಲ್ಲಿ ಕೂರುತ್ತದೆ. ಚೈನ್‌ಸಾ ಕೆಡುವುದು ಬಹಳ ಸಲ ಅದರಿಂದಲೇ. ಹಳೇ ಪೆಟ್ರೋಲಿಗೆ ವಾರ್ನಿಷ್ ವಾಸನೆ. ಆದ್ದರಿಂದ ಹತ್ತರಲ್ಲಿ ಏಳು ಸಲ, ತಿರುಪುಳಿ ಕೈಗೆತ್ತಿಕೊಳ್ಳುವ ಮೊದಲೇ, ಮೂಗು ಹೇಳಿದ್ದು ಸರಿಯಾಗಿರುತ್ತಿತ್ತು.

ಮನೆಯಲ್ಲಿ ಮಾತ್ರ ಇದೊಂದು ಪೀಡೆ. ಹಾಲು ಮೂಸುವರು, ಹೊಸ ಟವೆಲ್ ಮೂಸುವರು, ಟಪಾಲಿನಲ್ಲಿ ಬಂದ ಲಕೋಟೆಯನ್ನು ಒಡೆಯುವ ಮೊದಲು ಮೂಸುವರು. "ಮೊದಲ ಸಲ ನಮ್ಮನೆಗೆ ಬಂದಾಗಲೇ ಹಾಲಿನ ಲೋಟ ಮೂಸಿ, ಇದು ನಿನ್ನೆಯದು ಅಂದ್ರು," ಎಂದು ಹೆಂಡತಿ ಗಿರಾಕಿಗಳಿಗೆ ಹೇಳುತ್ತಿದ್ದರು. "ನಮ್ಮಪ್ಪ ಅವತ್ತೇ ಬಾಗಿಲು ತೋರಿಸಬೇಕಿತ್ತು. ಪುಣ್ಯಾತ್ಮ, ಹೌದಲ್ಲ ಅಂತ ಆಶ್ಚರ್ಯಪಟ್ಟುಕೊಂಡು ಕೂತುಬಿಟ್ರು."

ಆ ಮಂಗಳವಾರ ಮೇಸ್ತ್ರಿ ಮುಚ್ಚಳ ತಿರುಗಿಸಿ ಹಾಕಿ, ಮಷಿನ್ನನ್ನು ಹಿತ್ತಿಲಿಗೆ ಒಯ್ದು ಹಗ್ಗ ಎಳೆದರು. ಎರಡನೇ ಎಳೆತಕ್ಕೆ ಶುರುವಾಯಿತು. ರೇಸ್ ಬಿಟ್ಟರು. ಎಂಜಿನ್ ಮೆಲ್ಲಗೆ ಗುಟುಗುಟು ಅನ್ನುತ್ತ ನಡೆಯುತ್ತಿತ್ತು, ಚೈನು ಅಲ್ಲಾಡದೆ ನಿಂತಿತ್ತು. ಐಡ್ಲಿಂಗ್ ಎಂದರೆ ಹೀಗೆಯೇ ಇರಬೇಕು: ಎಂಜಿನ್ ಬದುಕಿರಬೇಕು, ಚೈನು ಸುಮ್ಮನಿರಬೇಕು. ರೇಸ್ ಕೊಟ್ಟರು, ಬಿಟ್ಟರು, ಎಡಕ್ಕೆ ವಾಲಿಸಿದರು, ಬಲಕ್ಕೆ ವಾಲಿಸಿದರು, ದಿಮ್ಮಿಯಿಂದ ಎರಡು ಬಿಲ್ಲೆ ಕೊಯ್ದರು. ಐದು ನಿಮಿಷವಾದ ಮೇಲೆ ನಿಲ್ಲಿಸಿ, ಹಣೆಯ ಬೆವರು ಒರೆಸಿಕೊಂಡು ಒಳಗೆ ಬಂದು ಚೀಟಿಯ ಮೇಲೆ ಬರೆದರು: ಯಂತ್ರ ಸರಿ, ಬಳಕೆ ತಪ್ಪು.

ಅಳಿಲು ಅದನ್ನು ಓದಿದಳು. ಮತ್ತೊಮ್ಮೆ ಓದಿದಳು.

"ಏನ್ ಮಾವ ಇದು?"

"ಕೋಪ ಮಾಡ್ಕೋಬೇಡ ಕಣೇ. ಮೂರನೇ ಸಲ ತಂದಿದ್ದೀಯ. ಮೂರು ಸಲವೂ ಇಲ್ಲಿ ಚೆನ್ನಾಗೇ ನಡೀತು. ಮೇಲೆ ಹತ್ತಿದಾಗ ಚೋಕ್ ಎಳೆದು ಮರೆತುಬಿಡ್ತೀಯೋ ಏನೋ. ಗಡಿಬಿಡಿ ನಿನಗೆ."

"ಗಡಿಬಿಡಿನಾ?" ಅವಳು ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಮೇಜಿನ ಮೇಲೆ ಹರವಿದಳು. "ನೋಡಿ. ಸೋಮವಾರ, ಶುರು ಮಾಡಿದ ಒಂಬತ್ತನೇ ನಿಮಿಷಕ್ಕೆ ನಿಂತಿತು. ಬುಧವಾರ, ಎಂಟೂವರೆ. ಶುಕ್ರವಾರ, ಮತ್ತೆ ಒಂಬತ್ತು. ಕೈ ತಪ್ಪಾಗಿದ್ರೆ ಒಂದ್ಸಲ ಮೂರಕ್ಕೆ, ಒಂದ್ಸಲ ಇಪ್ಪತ್ತಕ್ಕೆ ನಿಲ್ಲಬೇಕಿತ್ತು. ನನ್ನ ಕೈಗೇನು ಅಲಾರಾಂ ಇಟ್ಟಿದ್ದಾರಾ?"

"ಒಳ್ಳೇ ಪ್ರಶ್ನೆ!" ಎಂದು ಅಡ್ಡಗೋಡೆಯ ಆಚೆಯಿಂದ ಹೆಂಡತಿಯ ಧ್ವನಿ ಬಂತು.

"ನೀನು ಕೀಲಿ ಕೊರಿಯಮ್ಮ," ಎಂದರು ಮೇಸ್ತ್ರಿ.

"ಕೊರೀತಾನೇ ಇದ್ದೀನಿ. ಕಿವಿಗೆ ಬೀಗ ಹಾಕೋಕಾಗುತ್ತಾ?"

ಅಳಿಲು ಕಾಗದ ಮಡಿಸಲಿಲ್ಲ. ಅದನ್ನು ಅಲ್ಲೇ, ಮಷಿನ್ನಿನ ಪಕ್ಕದಲ್ಲೇ ಬಿಟ್ಟು, "ಶುಕ್ರವಾರ ಹತ್ತು ಗಂಟೆಗೆ ಪರೀಕ್ಷೆ," ಎಂದಷ್ಟೇ ಹೇಳಿ ಹೊರಟುಹೋದಳು. ಬಾಗಿಲಲ್ಲಿ ಅತ್ತೆಗೆ ಮಾತ್ರ ಕೈ ಬೀಸಿದಳು.

ಚೀಟಿ ಬರೆದದ್ದಾಗಿತ್ತು, ಕೆಲಸ ಮುಗಿದಿತ್ತು. ಆದರೂ ಮೇಸ್ತ್ರಿಗೆ ಆ ಕಾಗದ ಚುಚ್ಚುತ್ತಿತ್ತು. ಹನ್ನೊಂದು ಗಂಟೆಗೆ ಬಿಳಿ ಬಟ್ಟೆ ಹಾಸಿ ಕಾರ್ಬುರೇಟರ್ ಬಿಚ್ಚಿದರು. ಬಿಚ್ಚುವ ಮೊದಲು ಎರಡು ತಿರುಪುಗಳೂ ಎಷ್ಟು ಸುತ್ತು ತೆರೆದಿವೆ ಎಂದು ಎಣಿಸಿ ಬರೆದುಕೊಂಡರು. ಈ ಶಿಸ್ತು ಅವರಲ್ಲಿ ಯಾವಾಗಲೂ ಇತ್ತು. ಒಳಗಿನ ತೆಳುವಾದ ರಬ್ಬರ್ ಪೊರೆ ಸ್ವಲ್ಪ ಬಿರುಸಾಗಿತ್ತು, ಹೊಸದು ಹಾಕಿದರು. ಚಿಕ್ಕ ಜಾಲರಿಯನ್ನು ತೊಳೆದರು. ಟ್ಯಾಂಕಿನ ಮುಚ್ಚಳ ತೆಗೆದು, ತುದಿ ಬಾಗಿಸಿದ ತಂತಿಯಿಂದ ಪೆಟ್ರೋಲ್ ಫಿಲ್ಟರನ್ನು ಮೀನು ಹಿಡಿದಂತೆ ಹಿಡಿದೆಳೆದು ಬದಲಾಯಿಸಿದರು. ಕೊಳವೆಗೆ ಗಾಳಿ ತುಂಬಿ, ಸೋರುವುದೇ ಎಂದು ಮೀಟರಿನ ಮುಳ್ಳನ್ನು ಐದು ನಿಮಿಷ ನೋಡಿದರು. ಮುಳ್ಳು ಕದಲಲಿಲ್ಲ. ಪ್ಲಗ್ ಹೊಸದು, ಅದರ ಸಂದು ಅರ್ಧ ಮಿಲಿಮೀಟರ್. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಎಲ್ಲ ಜೋಡಿಸಿ, ಮುಚ್ಚಳ ತೆಗೆದು ಮೂಸಿ, ಮುಚ್ಚಿ, ಆರು ನಿಮಿಷ ಓಡಿಸಿದರು. ಬೆಣ್ಣೆಯ ಹಾಗೆ ನಡೆಯಿತು.

"ಈಗ ನಿಲ್ಲಲಿ ನೋಡೋಣ," ಎಂದರು ಹೆಂಡತಿಗೆ ಕೇಳುವಂತೆ.

ಬುಧವಾರ ಬೆಳಗ್ಗೆ ಹನ್ನೊಂದು ಗಂಟೆಗೆ, ಗ್ರಂಥಾಲಯದ ಗೋಡೆಗೆ ವಾಲಿದ ಒಂದು ಮರದ ಮೇಲೆ, ಅದು ಒಂಬತ್ತನೇ ನಿಮಿಷಕ್ಕೆ ನಿಂತಿತು.

ಅಳಿಲು ಸಂಜೆ ನಾಲ್ಕೂವರೆಗೆ ಅಂಗಡಿಗೆ ಬಂದಾಗ ಸೊಂಟದ ಪಟ್ಟಿಯನ್ನೂ ಬಿಚ್ಚಿರಲಿಲ್ಲ. ತಲೆಯಲ್ಲಿ ಎರಡು ಒಣ ಎಲೆ, ಮೊಣಕೈ ಮೇಲೆ ಉದ್ದಕ್ಕೆ ಒಂದು ಗೀರು.

"ಅರ್ಧ ಕೊಯ್ದ ಕೊಂಬೆ ಮಾವ. ನನ್ನ ತೊಡೆಯಷ್ಟು ದಪ್ಪ. ಕೆಳಗೆ ರಸ್ತೆ ಮುಚ್ಚಿದ್ದಾರೆ, ಎರಡು ಬಸ್ಸು ಹಾರ್ನ್ ಹೊಡೀತಿವೆ. ಉಳಿದರ್ಧವನ್ನ ಕೈಗರಗಸದಲ್ಲಿ ಕೊಯ್ದೆ. ಇಪ್ಪತ್ತೈದು ನಿಮಿಷ. ಡ್ರೈವರ್ ಕೆಳಗಿಂದ ಕೂಗ್ತಾನೆ, ಹಲ್ಲಲ್ಲಿ ಕಡೀರಿ ಬೇಗ ಆಗುತ್ತೆ ಅಂತ."

ಮೇಸ್ತ್ರಿ ನಗಲಿಲ್ಲ. "ಆಮೇಲೆ ಶುರುವಾಯ್ತಾ?"

"ಕೆಳಗಿಳಿದು ಪೆಟ್ರೋಲ್ ಇದೆಯಾ ಅಂತ ನೋಡಿ ಹಗ್ಗ ಎಳೆದೆ. ಒಂದೇ ಎಳೆತ. ಏನೂ ಆಗೇ ಇಲ್ಲ ಅನ್ನೋ ಹಾಗೆ."

ಮೇಸ್ತ್ರಿ ಕೈ ಚಾಚಿದರು. ಬೆರಳುಗಳು ಆಗಲೇ ಮುಚ್ಚಳದ ಆಕಾರಕ್ಕೆ ಬಾಗಿದ್ದವು. ಅಳಿಲು ಮಷಿನ್ನನ್ನು ಹಿಂದಕ್ಕೆಳೆದುಕೊಂಡಳು.

"ಇಲ್ಲ ಮಾವ. ಈ ಸಲ ಮೂಸೋ ಹಾಗಿಲ್ಲ."

"ಮೂಸದೆ ಹೇಗೆ ನೋಡಲಿ?"

"ಮರದ ಮೇಲೆ ಯಾರೂ ಮೂಸಲ್ಲ. ಅಲ್ಲಿ ಹೇಗೆ ನಡೆಯುತ್ತೋ ಇಲ್ಲೂ ಹಾಗೇ ನಡೀಬೇಕು. ಟ್ಯಾಂಕ್ ತುಂಬ ಪೆಟ್ರೋಲ್, ಒಂದು ನಿಮಿಷ ಕೊಯ್ಯೋದು, ಅರ್ಧ ನಿಮಿಷ ಐಡ್ಲಿಂಗಲ್ಲಿ ಬಿಡೋದು. ನಿಲ್ಲೋವರೆಗೂ ಯಾರೂ ಏನೂ ಮುಟ್ಟಬಾರದು. ಆಗಲಾದರೂ ತಪ್ಪು ನನ್ನ ಕೈದೋ ಮಷಿನ್‌ದೋ ಗೊತ್ತಾಗುತ್ತೆ."

ಹಾಗೆಂದು ಟ್ಯಾಂಕನ್ನು ಕಂಠದವರೆಗೆ ತುಂಬಿಸಿ, ಮುಚ್ಚಳ ಬಿಗಿದು, ಅದರ ಮೇಲೆ ಕರಿ ಟೇಪನ್ನು ಮೂರು ಸುತ್ತು ಸುತ್ತಿದಳು. ಮೇಸ್ತ್ರಿಯ ಮುಖ ಕನ್ನಡಕ ಕಳೆದುಕೊಂಡವರಂತಾಯಿತು. ಹೆಂಡತಿ ಅಂಗಡಿಗೆ ಬಂದಿದ್ದ ಗಿರಾಕಿಯನ್ನು "ಅರ್ಧ ಗಂಟೆ ಬಿಟ್ಟು ಬನ್ನಿ, ಒಳಗೆ ಮ್ಯಾಚು ನಡೀತಿದೆ" ಎಂದು ಕಳಿಸಿ, ಮೇಜಿನ ಗಡಿಯಾರ ಕೈಯಲ್ಲಿ ಹಿಡಿದು ಹಿತ್ತಿಲಿಗೆ ಬಂದರು.

ಅಳಿಲು ಕೊಯ್ಯತೊಡಗಿದಳು. ಬಿಲ್ಲೆಗಳು ಒಂದೊಂದಾಗಿ ಉರುಳಿದವು. ಮೇಸ್ತ್ರಿಗೆ ಕೈಗಳನ್ನು ಎಲ್ಲಿಡಬೇಕೆಂದು ತೋಚಲಿಲ್ಲ; ಕೊನೆಗೆ ಎರಡನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತರು.

"ಐದು," ಎಂದರು ಹೆಂಡತಿ. "ಆರು... ಏಳು. ರೀ, ಅಷ್ಟು ಹತ್ತಿರ ಹೋಗ್ಬೇಡಿ."

ಎಂಟನೇ ನಿಮಿಷ ಮುಗಿಯುವಾಗ ಸದ್ದು ಬದಲಾಯಿತು. ದಪ್ಪಗಿದ್ದ ಧ್ವನಿ ತೆಳುವಾಗಿ ಕೀರಲಾಯಿತು. ಅಳಿಲು ರೇಸ್ ಬಿಟ್ಟರೂ ಎಂಜಿನ್ ಇಳಿಯಲಿಲ್ಲ. ಏದುಸಿರು ಬಿಡುವವರ ಹಾಗೆ ವೇಗ ಹೆಚ್ಚಿತು, ನಿಂತಿರಬೇಕಾದ ಚೈನು ಮೆಲ್ಲಗೆ ತೆವಳಿತು. ಆಮೇಲೆ ಒಂದು ಸಲ ಬಿಕ್ಕಳಿಸಿ ಸುಮ್ಮನಾಯಿತು.

"ಒಂಬತ್ತು ನಿಮಿಷ, ಹತ್ತು ಸೆಕೆಂಡು," ಎಂದರು ಹೆಂಡತಿ.

ಅಳಿಲು ಏಳು ಸಲ ಹಗ್ಗ ಎಳೆದಳು. ಏನೂ ಆಗಲಿಲ್ಲ. ಮಷಿನ್ನನ್ನು ದಿಮ್ಮಿಯ ಮೇಲಿಟ್ಟು ಮಾವನ ಕಡೆ ನೋಡಿದಳು.

ಕಣ್ಣಾರೆ ಕಂಡ ಮೇಲೆ ಮೇಸ್ತ್ರಿಗೆ ತಡೆಯಲಾಗಲಿಲ್ಲ. ಟೇಪು ಕಿತ್ತು, ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿದರು. ಮೂಗು ಅಭ್ಯಾಸದಂತೆ ಕೆಳಗೆ ಬಾಗುತ್ತಿತ್ತು.

ಉಸ್ಸ್ ಎಂದಿತು ಟ್ಯಾಂಕು.

ಹೊರಗಿನ ಗಾಳಿ ಒಳಗೆ ನುಗ್ಗಿದ ಸದ್ದು ಅದು. ಮೂಗು ಅರ್ಧ ದಾರಿಯಲ್ಲೇ ನಿಂತಿತು. ಮೇಸ್ತ್ರಿ ನೆಟ್ಟಗಾದರು. ಆಮೇಲೆ ಮುಚ್ಚಳ ಬಿಗಿದು ಹಗ್ಗ ಎಳೆದರು. ಎರಡನೇ ಎಳೆತಕ್ಕೆ ಮಷಿನ್ ಶುರುವಾಗಿ ಗುಟುಗುಟು ಎಂದು ನಡೆಯತೊಡಗಿತು. ಅವರು ಅದನ್ನು ಆರಿಸಿದರು.

"ಏನಾಯ್ತು ರೀ? ಸರಿಹೋಯ್ತಲ್ಲ," ಎಂದರು ಹೆಂಡತಿ.

"ಸರಿಹೋಗಿಲ್ಲ. ನಾನು ಸರಿ ಮಾಡಿದೆ. ಪ್ರತಿ ಸಲವೂ ನಾನೇ ಸರಿ ಮಾಡ್ತಿದ್ದೆ," ಎಂದರು ಮೇಸ್ತ್ರಿ. ಧ್ವನಿ ತೀರ ಸಣ್ಣದಾಗಿತ್ತು. "ಮೂಸೋಕೆ ಅಂತ ಮುಚ್ಚಳ ತೆಗೀತೀನಲ್ಲ, ಆಗ. ಒಂಬತ್ತು ನಿಮಿಷದ ಮಟ್ಟಿಗೆ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಾಟಲಿಯ ಬಾಯಿಯನ್ನು ತುಟಿಯಿಂದ ಬಿಗಿಯಾಗಿ ಮುಚ್ಚಿ ನೀರು ಹೀರಿದರೆ, ಎರಡು ಗುಟುಕು ಬಂದ ಮೇಲೆ ಮುಂದೆ ಬರುವುದಿಲ್ಲ. ಹೋದ ನೀರಿನ ಜಾಗಕ್ಕೆ ಗಾಳಿ ಬರಬೇಕು. ಚೈನ್‌ಸಾದ ಟ್ಯಾಂಕೂ ಹಾಗೆಯೇ. ಎಂಜಿನ್ ಪೆಟ್ರೋಲ್ ಹೀರಿದಷ್ಟೂ ಒಳಗೆ ಗಾಳಿ ಹೋಗಲೆಂದು ಒಂದು ಸಣ್ಣ ತೂತಿರುತ್ತದೆ. ಅದು ಮುಚ್ಚಿಹೋದರೆ ಎಂಜಿನ್ನಿಗೆ ಬರುವ ಪೆಟ್ರೋಲ್ ಕಡಿಮೆಯಾಗುತ್ತ ಬಂದು, ಎಂಜಿನ್ ಮೊದಲು ಕೀರಲುಗೊಂಡು ಆಮೇಲೆ ನಿಲ್ಲುತ್ತದೆ. ಮುಚ್ಚಳ ತೆಗೆದರೆ ಗಾಳಿ ಒಳನುಗ್ಗಿ ಎಲ್ಲವೂ ಮೊದಲಿನಂತೆ. ಟ್ಯಾಂಕ್ ತುಂಬಿದ್ದರೆ ಒಳಗೆ ಗಾಳಿಗೆ ಜಾಗವೇ ಇಲ್ಲ, ಆದ್ದರಿಂದ ಬೇಗ ನಿಲ್ಲುತ್ತದೆ. ಅಂಗಡಿಯಲ್ಲಿ ಮೇಸ್ತ್ರಿ ತಳದಲ್ಲಿ ಒಂದಿಷ್ಟು ಪೆಟ್ರೋಲ್ ಇಟ್ಟುಕೊಂಡು, ಮೂಸಿ, ಐದಾರು ನಿಮಿಷ ಓಡಿಸುತ್ತಿದ್ದರು. ಅವರ ಎದುರಿಗೆ ಅದು ನಿಲ್ಲುವುದು ಸಾಧ್ಯವೇ ಇರಲಿಲ್ಲ.

ಮೇಲಿನ ಕವಚ ಬಿಚ್ಚಿ ನೋಡಿದಾಗ ಹಿಡಿಕೆಯ ಬುಡದಲ್ಲಿ ಆ ತೂತಿಗೆ ಕೂರಿಸಿದ, ಗಾಳಿಯನ್ನು ಒಳಗಷ್ಟೇ ಬಿಡುವ ಬಟಾಣಿ ಗಾತ್ರದ ಬಿರಡೆ ಕಂಡಿತು. ಉಗುರಿನಿಂದ ಕೆರೆದಾಗ ಅದರ ಮೇಲೆ ಬೂದು ಬಣ್ಣದ ಅಂಟು. ನಲ್ಲಿ ಸೋರಿದರೆ ಎರಡು ಉಂಡೆ ಕಲಸಿ ಮೆತ್ತುತ್ತಾರಲ್ಲ, ಅದೇ. ಹೆಬ್ಬೆರಳಿನಿಂದ ನುಣ್ಣಗೆ ಒತ್ತಿ, ಕಾಣದಿರಲೆಂದು ಕರಿ ಬಣ್ಣವನ್ನೂ ಬಳಿದಿದ್ದರು.

ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದರು. "ಇದು ನಮ್ಮಕ್ಕನ ಹೆಬ್ಬೆರಳು."

ಅಳಿಲು ಹಣೆ ಚಚ್ಚಿಕೊಂಡಳು. ಅವಳ ಅಮ್ಮನ ಮನೆಯಲ್ಲಿ ಬಕೆಟ್ಟು, ಕಿಟಕಿಯ ಸಂದು, ಕುಕ್ಕರಿನ ಹಿಡಿ, ಎಲ್ಲದರ ಮೇಲೂ ಇದೇ ಬೂದು ಅಂಟು, ಇದೇ ಹೆಬ್ಬೆರಳು. ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

"ಅಕ್ಕ, ಮಷಿನ್‌ಗೆ ಅಂಟು ಮೆತ್ತಿದ್ಯಾ?" ಎಂದರು ಮೇಸ್ತ್ರಿ.

"ಮೆತ್ತಿದ್ದೆ. ಯಾಕೆ, ಕಿತ್ತುಬಂತಾ?"

"ಇಲ್ಲ."

"ಬರಲ್ಲ ಬಿಡು. ನಾನು ಮೆತ್ತಿದ್ದು."

"ಅಮ್ಮ, ಯಾಕಮ್ಮ ಮೆತ್ತಿದೆ?" ಅಳಿಲಿನ ಧ್ವನಿ ಅಳುವಿಗೂ ನಗುವಿಗೂ ನಡುವೆ ಇತ್ತು.

"ಇನ್ನೇನು ಮಾಡ್ಲಿ? ನೀನು ತಂದು ಚಪ್ಪಲಿ ಗೂಡಿನ ಹತ್ರ ಮಲಗಿಸ್ತೀಯ, ಅದು ತೊಟ್ಟು ತೊಟ್ಟು ಸೋರುತ್ತೆ, ಮನೆಯೆಲ್ಲ ಪೆಟ್ರೋಲ್ ಬಂಕು. ಆ ನಿನ್ನ ಮಾವನ ಹತ್ರ ಎರಡು ಸಲ ಕಳಿಸ್ದೆ, ಸೋರ್ತಿದೆ ನೋಡಪ್ಪ ಅಂತ. ಏನ್ ಮಾಡ್ದ? ಮೂಸ್ದ. ಪೆಟ್ರೋಲ್ ಚೆನ್ನಾಗಿದೆ ಅಂತ ವಾಪಸ್ ಕಳಿಸ್ದ. ಚೆನ್ನಾಗಿರೋ ಪೆಟ್ರೋಲು ನೆಲದ ಮೇಲೆ ಇದ್ರೆ ಯಾರಿಗೆ ಬೇಕೋ?"

"ಅದು ಮಷಿನ್ ಉಸಿರಾಡೋ ತೂತು ಅಕ್ಕ."

"ಉಸಿರಾಡಬೇಕು ಸರಿ, ಜೊಲ್ಲು ಯಾಕೆ ಸುರಿಸ್ತಿತ್ತು?"

ಪ್ರಶ್ನೆ ಸರಿಯಾಗಿತ್ತು. ಆ ಬಿರಡೆ ಗಾಳಿಯನ್ನು ಒಳಗೆ ಬಿಡಬೇಕು, ಪೆಟ್ರೋಲನ್ನು ಹೊರಗೆ ಬಿಡಬಾರದು. ಅದರ ರಬ್ಬರ್ ತುಟಿ ಸವೆದಿತ್ತು. ಮಲಗಿಸಿಟ್ಟಾಗ ಸೋರುತ್ತಿತ್ತು. ಅಕ್ಕ ಎರಡು ಸಲ ಹೇಳಿಕಳಿಸಿದ್ದ ದೂರನ್ನು ಕೇಳಿ ಅದೊಂದನ್ನು ಬದಲಾಯಿಸಿದ್ದರೆ ಅಂಟೂ ಬರುತ್ತಿರಲಿಲ್ಲ, ಒಂಬತ್ತು ನಿಮಿಷವೂ ಬರುತ್ತಿರಲಿಲ್ಲ.

"ತಪ್ಪು ನಂದೇ ಅಕ್ಕ," ಎಂದರು.

ಫೋನಿನ ಆಚೆ ಅಕ್ಕನ ಧ್ವನಿ ಏರಿತು. "ಏನು? ಇನ್ನೊಂದ್ಸಲ ಹೇಳು, ಸರಿಯಾಗಿ ಕೇಳಿಸ್ಲಿಲ್ಲ."

"ಕೇಳಿಸ್ತು ಅತ್ತಿಗೆ, ನಿಮಗೆ ಚೆನ್ನಾಗೇ ಕೇಳಿಸ್ತು," ಎಂದರು ಹೆಂಡತಿ ಗಡಿಯಾರವನ್ನು ಎದೆಗೊತ್ತಿಕೊಂಡು ನಗುತ್ತ.

ಹೊಸ ಬಿರಡೆ ತರಿಸಿದರೆ ಹತ್ತು ದಿನ. ಗೋಡೆಯ ಕೊನೆಯ ಮೊಳೆಯಲ್ಲಿ ಅದೇ ಜಾತಿಯ ಒಂದು ಸತ್ತ ಮಷಿನ್ ಬಹಳ ಕಾಲದಿಂದ ತೂಗುತ್ತಿತ್ತು. ಅದರ ಬಿರಡೆ ಕಿತ್ತು, ತೊಳೆದು, ಬಾಯಲ್ಲಿಟ್ಟು ಪರೀಕ್ಷಿಸಿದರು: ಒಂದು ಕಡೆಯಿಂದ ಗಾಳಿ ಸಲೀಸಾಗಿ ಹೋಯಿತು, ಇನ್ನೊಂದು ಕಡೆಯಿಂದ ಕೆನ್ನೆ ಉಬ್ಬಿದರೂ ಹೋಗಲಿಲ್ಲ. ಅದನ್ನು ಕೂರಿಸಿ, ಟ್ಯಾಂಕ್ ತುಂಬಿಸಿ, ಈ ಸಲ ತಾವೇ ಮುಚ್ಚಳಕ್ಕೆ ಟೇಪು ಸುತ್ತಿದರು. ಪೆಟ್ರೋಲ್ ಪೂರ್ತಿ ಮುಗಿಯುವವರೆಗೆ, ಮೂವತ್ತನಾಲ್ಕು ನಿಮಿಷ, ಮಷಿನ್ ಒಂದೇ ಧ್ವನಿಯಲ್ಲಿ ನಡೆಯಿತು. ಅಳಿಲು ಚೀಟಿಯ ಮೇಲಿದ್ದ ಮಾತನ್ನು ಹೊಡೆದುಹಾಕಲು ಪೆನ್ನು ತೆಗೆದಳು. ಮೇಸ್ತ್ರಿ ಪೆನ್ನು ಇಸಿದುಕೊಂಡು ತಾವೇ ಹೊಡೆದುಹಾಕಿದರು.

ಗುರುವಾರ ಅವರು, ತಯಾರಾಗಿದೆ ಎಂದು ಗೋಡೆಗೆ ತೂಗುಹಾಕಿದ್ದ ಎರಡು ಮಷಿನ್ನುಗಳನ್ನು ಇಳಿಸಿ, ಟೇಪು ಸುತ್ತಿ ಓಡಿಸಿದರು. ಒಂದು ಪೂರ್ತಿ ನಡೆಯಿತು. ಇನ್ನೊಂದು ಹದಿಮೂರನೇ ನಿಮಿಷಕ್ಕೆ ನಿಂತಿತು; ಅದರ ತೂತಿನಲ್ಲಿ ಯಾರ ಹೆಬ್ಬೆರಳೂ ಇರಲಿಲ್ಲ, ಮರದ ಪುಡಿ ಮತ್ತು ಎಣ್ಣೆ ಸೇರಿ ಗಟ್ಟಿಯಾಗಿ ಕೂತಿತ್ತು. ಅದರ ಚೀಟಿಯಲ್ಲೂ ಬರೆದಿದ್ದುದು ಅದೇ ನಾಲ್ಕು ಪದ. ಮಧ್ಯಾಹ್ನ ಊಟಕ್ಕೆ ಕೂತಾಗ ಲೋಟ ಕೈಗೆತ್ತಿಕೊಂಡು ಮೂಸದೆ ಕುಡಿದರು. ಹೆಂಡತಿ ಹೆದರಿ ಹಣೆ ಮುಟ್ಟಿ ನೋಡಿದರು.

ಶುಕ್ರವಾರ ಹತ್ತು ಗಂಟೆಗೆ ಉದ್ಯಾನದಲ್ಲಿ ಹಗ್ಗ ಕಟ್ಟಿದ ಗೆರೆಯ ಈಚೆ ಮೇಸ್ತ್ರಿ, ಅಕ್ಕ, ಹೆಂಡತಿ ಮೂವರೂ ನಿಂತಿದ್ದರು. ಕೀಲಿ ಅಂಗಡಿಗೂ ಅಂದು ಬೀಗ. ಪರೀಕ್ಷಕರು ಎತ್ತರದ, ಮಾತು ಕಡಿಮೆಯ ಹೆಂಗಸು; ಎದೆಯ ಮೇಲೆ ಹಲಗೆ, ಹಲಗೆಯ ಮೇಲೆ ಹಾಳೆ, ಕೊರಳಲ್ಲಿ ಸ್ಟಾಪ್ ವಾಚ್. ಅಳಿಲು ಮೇಲೇರಿ, ಸೊಂಟದ ಹಗ್ಗ ಸರಿಮಾಡಿಕೊಂಡು ಮಷಿನ್ ಶುರು ಮಾಡಿದಳು.

ಎಂಟು ನಿಮಿಷ ದಾಟುತ್ತಿದ್ದಂತೆ ಮೇಸ್ತ್ರಿ ಕಣ್ಣು ಮುಚ್ಚಿದರು.

"ಏನೋ, ಇಲ್ಲಿಂದಲೇ ಮೂಸ್ತಿದ್ದೀಯಾ?" ಎಂದರು ಅಕ್ಕ.

"ಕೇಳಿಸಿಕೊಳ್ತಿದ್ದೀನಿ."

"ಅಂತೂ ಕಿವಿಯೂ ಇದೆ ಅನ್ನು."

ಒಂಬತ್ತು ಕಳೆಯಿತು. ಹತ್ತು ಕಳೆಯಿತು. ಒಂದು ಕೊಂಬೆ ಹಗ್ಗದಲ್ಲಿ ತೂಗುತ್ತ ಗೋಡೆಗೆ ತಾಗದೆ ಇಳಿದು ಬಂತು. ಹದಿನೇಳನೇ ನಿಮಿಷದಲ್ಲಿ ಸದ್ದು ಥಟ್ಟನೆ ನಿಂತಿತು. ಅಕ್ಕ ತಮ್ಮನ ತೋಳನ್ನು ಉಗುರು ನಾಟುವಂತೆ ಹಿಡಿದರು. ಪರೀಕ್ಷಕರ ಪೆನ್ನು ಹಾಳೆಯ ಹತ್ತಿರ ಹೋಯಿತು. ಮೇಲಿನಿಂದ ಅಳಿಲಿನ ಧ್ವನಿ ಬಂತು:

"ನಾನೇ ಆರಿಸಿದ್ದು ಮೇಡಂ! ಹಗ್ಗ ಬದಲಾಯಿಸ್ತಿದ್ದೀನಿ!"

ಪೆನ್ನು ಹಿಂದೆ ಸರಿಯಿತು. ಹಗ್ಗ ಬದಲಾಯಿತು. ಒಂದೇ ಎಳೆತಕ್ಕೆ ಮಷಿನ್ ಮತ್ತೆ ಶುರುವಾಯಿತು. ಇಪ್ಪತ್ತೆಂಟನೇ ನಿಮಿಷದಲ್ಲಿ ಕೆಳಗಿಳಿದು ಪೆಟ್ರೋಲ್ ತುಂಬಿಸಿಕೊಂಡು ಹೋದಳು. ನಲವತ್ತಕ್ಕೆ ಸೀಟಿ ಊದಿದಾಗ ಕೊನೆಯ ಕೊಂಬೆ ನೆಲ ಮುಟ್ಟಿ ಎರಡು ನಿಮಿಷವಾಗಿತ್ತು. ಪರೀಕ್ಷಕರು ಮಷಿನ್ನನ್ನು ಕೈಗೆ ತೆಗೆದುಕೊಂಡು, ಐಡ್ಲಿಂಗಿನಲ್ಲಿ ಬಿಟ್ಟು, ಚೈನು ಅಲ್ಲಾಡದಿರುವುದನ್ನು ನೋಡಿ ಹಾಳೆಗೆ ಸಹಿ ಹಾಕಿದರು. ಅವರು ಗೆರೆ ಎಳೆಯಲಿಲ್ಲ. ಅಳಿಲು ಹಗ್ಗದ ಕೆಳಗೆ ನುಸುಳಿ ಬಂದು ಮೊದಲು ಅಮ್ಮನನ್ನು, ಆಮೇಲೆ ಅತ್ತೆಯನ್ನು ತಬ್ಬಿಕೊಂಡಳು. ಮಾವನ ಮುಂದೆ ಬಂದು ನಿಂತು, ಮಷಿನ್ನನ್ನು ಅವರ ಮೂಗಿನ ಹತ್ತಿರ ಹಿಡಿದಳು.

"ಮೂಸಿ ಮಾವ. ಈಗ ಪರವಾಗಿಲ್ಲ."

ಮೇಸ್ತ್ರಿ ತಲೆಯಾಡಿಸಿ, ಅದನ್ನು ತೆಗೆದುಕೊಂಡು ಹೆಗಲ ಮೇಲೆ ಹೊತ್ತು ನಡೆದರು.

ಆ ಮೇಲಿನ ಎರಡು ತಿಂಗಳು ಅವರು ಸಂಜೆ ಐದರಿಂದ ಆರರವರೆಗೆ ಬೇರೆ ಕೆಲಸ ಹಿಡಿಯಲಿಲ್ಲ. ತೀರಿದ ರಿಪೇರಿಯ ಚೀಟಿಗಳನ್ನೆಲ್ಲ ವರ್ಷವಾರು ತಂತಿಗೆ ಪೋಣಿಸಿ ಒಂದು ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಬಳಕೆ ತಪ್ಪು ಎಂದು ಬರೆದವನ್ನು ಆರಿಸಿ, ಒಬ್ಬೊಬ್ಬರಿಗೂ ಫೋನ್ ಮಾಡಿದರು. "ಮಷಿನ್ ಇದೆಯಾ? ತನ್ನಿ, ಇನ್ನೊಂದು ಸಲ ನೋಡ್ತೀನಿ. ಸುಮ್ಮನೆ ನೋಡೋದು." ಕೆಲವರು ಮಾರಿಬಿಟ್ಟಿದ್ದರು. ಕೆಲವರ ನಂಬರ್ ಬದಲಾಗಿತ್ತು. ಒಬ್ಬ ತೋಟಗಾರ ಹದಿನೈದು ನಿಮಿಷ ಬೈದು, ಬೈದು ಮುಗಿದ ಮೇಲೆ ಮಷಿನ್ ತಂದುಕೊಟ್ಟು ಹೋದ. ಬಂದ ಪ್ರತಿಯೊಂದನ್ನೂ ಟ್ಯಾಂಕ್ ತುಂಬಿಸಿ, ಟೇಪು ಸುತ್ತಿ, ಮುಗಿಯುವವರೆಗೆ ಓಡಿಸಿದರು. ಎಷ್ಟು ನಿಂತವು, ಎಷ್ಟು ನಿಲ್ಲಲಿಲ್ಲ ಎಂದು ಹೆಂಡತಿ ಕೇಳಿದಾಗಲೆಲ್ಲ "ಇನ್ನೂ ಮುಗಿದಿಲ್ಲ" ಎನ್ನುತ್ತಿದ್ದರು.

ಮುಗಿದದ್ದು ಗೊತ್ತಾದದ್ದು ಇನ್ನೂ ಆಮೇಲೆ, ಅಳಿಲು ತನ್ನ ತಂಡದ ಏಳು ಜನರನ್ನು ಮಷಿನ್ ನೋಡಿಕೊಳ್ಳುವುದನ್ನು ಕಲಿಸಲು ಅಂಗಡಿಗೆ ಕರೆತಂದಾಗ. ಏಳು ಜೊತೆ ಹೊಸ ಬೂಟುಗಳು ಹಿತ್ತಿಲಲ್ಲಿ ಅರ್ಧವೃತ್ತವಾಗಿ ನಿಂತವು. ಮೇಸ್ತ್ರಿ ದಿ‌ಮ್ಮಿಯ ಪಕ್ಕ ನಿಂತು, ಕೆಲಸಗಾರರು ಮಷಿನ್ ನಿಲ್ಲುತ್ತದೆ ಎಂದು ಹೇಳಿದರೆ ಮೊದಲು ಅದು ಎಲ್ಲಿ ನಿಂತಿತೋ ಹೇಗೆ ನಿಂತಿತೋ ಹಾಗೆಯೇ ನಿಲ್ಲಿಸಿ ನೋಡಬೇಕು, ಮುಚ್ಚಳ ಮುಟ್ಟುವುದು ಆಮೇಲೆ ಎಂದು ವಿವರಿಸಿದರು. ತಂಡದಲ್ಲಿ ಎಲ್ಲರಿಗಿಂತ ಹಿರಿಯನಾದ, ದಪ್ಪ ಮೀಸೆಯ ಒಬ್ಬನಿಗೆ ಇವರನ್ನು ಸ್ವಲ್ಪ ಕೆಣಕುವ ಮನಸ್ಸಾಯಿತು.

"ಮೇಸ್ತ್ರಿಗಳೇ, ಇಷ್ಟು ದೊಡ್ಡ ಹೆಸರು ನಿಮ್ಮದು. ನಿಜ ಹೇಳಿ, ಮಷಿನ್ ಕೆಟ್ಟಿದ್ರೂ ಕೆಲಸದವರದೇ ತಪ್ಪು ಅಂತ ಹೇಳಿ ಕಳಿಸಿದ್ದೂ ಇರಬೇಕಲ್ಲ?"

ಎಲ್ಲರೂ ನಕ್ಕರು. ಅಳಿಲು ಮಾತ್ರ ಮಾವನ ಮುಖ ನೋಡಿದಳು. ಮೇಸ್ತ್ರಿ ಕೈಯಲ್ಲಿದ್ದ ಬಟ್ಟೆಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡು, ಆ ಬಟ್ಟೆಯನ್ನು ಮಡಿಸಿ ದಿಮ್ಮಿಯ ಮೇಲಿಟ್ಟರು.

"ಇದೆ. ಗೊತ್ತಾಗಿರೋದು ಹನ್ನೊಂದು."